ಎಂಜಿನ್ ಆಯಿಲಿಗೆ ಮೂರು ಕೊಟೇಶನ್

"ಈ ಸಲ ಆಯಿಲ್ ವಿಷಯದಲ್ಲಿ ಒಬ್ಬನೇ ಒಬ್ಬ ನನ್ನ ಕಿವಿಗೆ ಹೂವಿಡಲಿ ನೋಡ್ತೀನಿ!" ಎಂದು ಸಾಹೇಬರು ಭಾನುವಾರ ಬೆಳಗ್ಗೆ ಮೇಜು ಗುದ್ದಿ ಘೋಷಿಸಿದರು. ಗುದ್ದಿದ ರಭಸಕ್ಕೆ ಕಾಫಿ ಲೋಟ ಎಗರಿ ಮಗುಚಿಕೊಂಡಿತು.

"ಮೊದಲು ಆ ಕಾಫಿ ಒರೆಸಿ. ಹೂವಿನ ವಿಚಾರ ಆಮೇಲೆ ನೋಡೋಣ" ಎಂದರು ಅವರ ಹೆಂಡತಿ.

ಸಾಹೇಬರ ಸಿಟ್ಟಿಗೆ ಕಾರಣವಿತ್ತು. ಹೋದ ಸಲ ಕಾರನ್ನು ಸರ್ವೀಸಿಗೆ ಬಿಟ್ಟಾಗ ಗಾಜು ತೊಳೆದು, ಒಳಗೆಲ್ಲ ಸೆಂಟು ಹೊಡೆದು, ಎಂಜಿನ್ ಆಯಿಲ್ ಮಾತ್ರ ಮುಟ್ಟದೆ ಕಳಿಸಿದ್ದರು. ಮನೆಗೆ ಬಂದು ಅಳತೆಯ ಕಡ್ಡಿ ಎಳೆದು ನೋಡಿದರೆ ಹಳೆಯ ಕಪ್ಪು ಆಯಿಲ್ ಹಾಗೇ ಇತ್ತು. ಅಂಥ ಅವಮಾನ! ಅದೂ ಯಾರಿಗೆ? ಕಾರ್ಖಾನೆಯ ಖರೀದಿ ವಿಭಾಗದ ಸೂಪರಿಂಟೆಂಡೆಂಟ್‌ಗೆ! ಮೂರು ಕೊಟೇಶನ್ ಇಲ್ಲದೆ ಒಂದು ಗುಂಡುಸೂಜಿಯನ್ನೂ ಕಾರ್ಖಾನೆಯ ಗೇಟು ದಾಟಲು ಬಿಡದ ಮಹಾನುಭಾವರಿಗೆ! ಮೂರು ಕಡೆ ವಿಚಾರಿಸಬೇಕು, ಪಕ್ಕಪಕ್ಕ ಇಟ್ಟು ತೂಗಿ ನೋಡಬೇಕು, ಹಳೆಯ ಮಾಲನ್ನು ಯಾರೂ ಕದ್ದು ಮಾರದ ಹಾಗೆ ಸಾಕ್ಷಿಯ ಎದುರು ಹಾಳು ಮಾಡಬೇಕು. ಇಷ್ಟಾದ ಮೇಲೆ ಹೊಸದು. ಇದು ಅವರ ಪಾಲಿನ ವೇದ. ಮನೆಗೆ ಹೊಸ ಪೊರಕೆ ಬಂದ ದಿನ ಹಳೆಯ ಪೊರಕೆಯನ್ನು ಕೆಲಸದವಳ ಎದುರೇ ಮುರಿದು ಹಾಕಿದ್ದರು. ಅವಳು ಅದು ತನ್ನ ಮೇಲಿನ ಕೋಪ ಎಂದುಕೊಂಡು ಮಾರನೆಯ ದಿನದಿಂದ ಬರಲೇ ಇಲ್ಲ.

"ಶನಿವಾರ ನನ್ನ ಡ್ರೈವಿಂಗ್ ಟೆಸ್ಟು. ನೆನಪಿದೆ ತಾನೇ?" ಎಂದರು ಹೆಂಡತಿ.

"ನೆನಪಿಲ್ಲದೆ ಏನು! ಶುಕ್ರವಾರದೊಳಗೆ ಆಯಿಲ್ ಕೆಲಸ ಮುಗಿದಿರುತ್ತೆ."

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಆಕೆಗೆ ಮೇಲ್ವಿಚಾರಕಿಯ ಹುದ್ದೆ ಸಿಕ್ಕಿತ್ತು. ಆದರೆ ಅದು ಊರಿನ ಆ ತುದಿಯ ಹೊಸ ಆಸ್ಪತ್ರೆಯಲ್ಲಿ. ಪಾಳಿ ಶುರುವಾಗುವ ಹೊತ್ತಿಗೆ ಇಲ್ಲಿಂದ ಮೊದಲ ಬಸ್ಸೇ ಹೊರಟಿರುವುದಿಲ್ಲ. ಸೋಮವಾರ ತಾನೇ ಕಾರು ಓಡಿಸಿಕೊಂಡು ಬರುತ್ತೇನೆ ಎಂದು ಮೇಟ್ರನ್‌ಗೆ ಮಾತು ಕೊಟ್ಟಿದ್ದರು. ಟೆಸ್ಟು ತಪ್ಪಿದರೆ ಮುಂದಿನ ಸರದಿ ಯಾವ ಕಾಲಕ್ಕೋ! ಅಷ್ಟರಲ್ಲಿ ಹುದ್ದೆ ಇನ್ನೊಬ್ಬರ ಪಾಲು. ಸಾಹೇಬರು ಕಾರ್ಖಾನೆಯ ಬಸ್ಸಿನಲ್ಲಿ ಹೋದ ಮೇಲೆ ಡ್ರೈವಿಂಗ್ ಸ್ಕೂಲಿನ ಮಾಸ್ತರರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದೇ ಕಾರಿನಲ್ಲಿ ಆಕೆ ಕಲಿಯುತ್ತಿದ್ದರು.

ಸೋಮವಾರ ಸಂಜೆ ಮೊದಲ ಕೊಟೇಶನ್‌ಗಾಗಿ ಸಾಹೇಬರು ಕಾರು ತಯಾರಿಸಿದ ಕಂಪನಿಯದೇ ಸರ್ವೀಸ್ ಸೆಂಟರಿಗೆ ಹೋದರು. ಹೋದ ಸಲ ಮೋಸ ಮಾಡಿದ್ದ ಜಾಗವೇ ಅದು. ಕಳ್ಳನ ಬಾಯಿಂದಲೂ ಒಂದು ಹೇಳಿಕೆ ಪಡೆಯಬೇಕಲ್ಲ! ಕೌಂಟರಿನ ಹುಡುಗಿ ನಕ್ಕು ಸ್ವಾಗತಿಸಿದಳು.

"ನಿಮ್ಮ ಕಾರಿಗೆ ಫುಲ್ ಸಿಂಥೆಟಿಕ್ಕೇ ಬೆಸ್ಟು ಸಾರ್. ಎಂಜಿನ್ ತುಂಬಾ ದಿನ ಬರುತ್ತೆ."

"ತುಂಬಾ ಅಂದ್ರೆ ಎಷ್ಟು?"

"ತುಂಬಾನೇ ಸಾರ್."

"ಅದನ್ನ ಬರೆದು ಸೀಲು ಹಾಕಿ ಕೊಡ್ತೀಯೇನಮ್ಮ?"

ಹುಡುಗಿಯ ನಗು ಅಲ್ಲಿಗೆ ನಿಂತಿತು. ಒಳಗಿಂದ ಬಂದ ಮೆಕ್ಯಾನಿಕ್ ಕಡ್ಡಿ ಎಳೆದು ನೋಡಿ, "ಅಯ್ಯೋ, ಡಾಂಬರು ಸಾರ್ ಇದು! ಮಟ್ಟಾನೂ ಕೆಳಗಿದೆ, ಇವತ್ತೇ ಬದಲಾಯಿಸಿ" ಎಂದ.

"ಬದಲಾಯಿಸು. ನಾನು ಪಕ್ಕದಲ್ಲಿ ನಿಂತು ನೋಡ್ತೀನಿ."

"ಒಳಗೆ ಗಿರಾಕಿಗಳನ್ನ ಬಿಡಲ್ಲ ಸಾರ್."

"ಯಾಕಯ್ಯಾ, ಇದೇನು ಹೆರಿಗೆ ವಾರ್ಡಾ?" ಎಂದು ಸಾಹೇಬರು ಗುಡುಗಿದ ಗುಡುಗಿಗೆ ಸೋಫಾದಲ್ಲಿ ತೂಕಡಿಸುತ್ತಿದ್ದ ಗಿರಾಕಿಗಳೆಲ್ಲ ಎದ್ದು ಕುಳಿತರು. ಅಲ್ಲಿಗೆ ಮೊದಲ ಕೊಟೇಶನ್ ಮುಗಿಯಿತು.

ಮಂಗಳವಾರ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪ್ರಶ್ನೆಯನ್ನು ಸಭೆಯ ಮುಂದಿಟ್ಟರು. ಸ್ಟೋರ್ ಕೀಪರ್, "ಹಳೇ ಎಂಜಿನ್ನಿಗೆ ದಪ್ಪ ಆಯಿಲೇ ಸರಿ" ಎಂದ. ಅಕೌಂಟ್ಸಿನವನು, "ದಪ್ಪ ಹಾಕಿ, ಚಳಿಗಾಲದಲ್ಲಿ ಕಾರನ್ನ ತಳ್ಳೋಕೆ ನಮ್ಮನ್ನೇ ಕರೀರಿ" ಎಂದು ಚುಚ್ಚಿದ. ಸ್ಟೋರ್ ಕೀಪರ್ ಅವನ ಸ್ಕೂಟರಿನ ಮಾನ ತೆಗೆದ, ಅವನು ಇವನ ಮಾವನ ಕಾರಿನ ಜನ್ಮ ಜಾಲಾಡಿದ. ಊಟದ ಬಿಡುವು ಮುಗಿಯುವ ಹೊತ್ತಿಗೆ ಕ್ಯಾಂಟೀನು ದಪ್ಪ ಪಕ್ಷ, ತೆಳು ಪಕ್ಷ ಎಂದು ಎರಡು ಹೋಳಾಗಿತ್ತು. ಬೆಂಕಿ ಹಚ್ಚಿದ ಸಾಹೇಬರು ಮಾತ್ರ ಎರಡು ಕಡೆಯೂ ಸೇರದೆ, "ಮೂರೂ ಕೊಟೇಶನ್ ಬರಲಿ" ಎಂದು ಎದ್ದು ಹೋದರು.

ಈಗ ಸಾಹೇಬರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ನಿಮ್ಮ ಕಿವಿಯಲ್ಲಿ ಹೇಳಿಬಿಡುತ್ತೇನೆ. ಬುಧವಾರ ಆಕೆ ಕಾರು ಓಡಿಸುತ್ತಿರುವಾಗ ಸ್ಟೀರಿಂಗಿನ ಹಿಂದೆ ಕೆಂಪು ದೀಪ ಹತ್ತಿಕೊಂಡಿತು. "ಇದೇನು ಮಾಸ್ತರೇ?" ಎಂದರೆ, "ಆಯಿಲ್ ತಳ ಹಿಡಿದಿದೆ ಮೇಡಂ, ಇನ್ನೊಂದು ಸುತ್ತು ಓಡಿಸಿದ್ರೆ ಎಂಜಿನ್ ಹರೋಹರ!" ಎಂದರು ಮಾಸ್ತರು. ಎದುರಿಗೇ ಒಂದು ಗ್ಯಾರೇಜಿತ್ತು. ಹಳೆಯ ಆಯಿಲ್ ಇಳಿಯಿತು, ಹೊಸದು ಏರಿತು, ದೀಪ ಆರಿತು. ಟೀ ಕುಡಿದು ಮುಗಿಸುವುದರೊಳಗೆ ಕೆಲಸವೇ ಮುಗಿದಿತ್ತು.

ಅವತ್ತು ಸಂಜೆ ಆಕೆ ಗಂಡನಿಗೆ ಹೇಳಲು ಹೋದದ್ದೂ ನಿಜ. "ರೀ, ಆ ಆಯಿಲ್ ವಿಷಯ..." ಎಂದು ಶುರು ಮಾಡಿದರು.

"ನೀನು ಅದಕ್ಕೆಲ್ಲ ತಲೆ ಹಾಕಬೇಡ! ಮೂರನೇ ಕೊಟೇಶನ್ ಬರೋವರೆಗೂ ಈ ಮನೇಲಿ ಆಯಿಲ್ ಬಗ್ಗೆ ಯಾರೂ ಮಾತಾಡೋ ಹಾಗಿಲ್ಲ."

"ಅಲ್ಲಾ ರೀ, ಇವತ್ತು ಕಾರು..."

"ಮಾತಾಡೋ ಹಾಗಿಲ್ಲ ಅಂದೆ!"

ಆಕೆ ಯೋಚಿಸಿದರು. ಹೇಳಿದರೆ ಎಲ್ಲಿ ಹಾಕಿಸಿದೆ, ಯಾವುದು ಹಾಕಿಸಿದೆ, ಯಾರು ಹೇಳಿದರು ಎಂದು ವಿಚಾರಣೆ ಶುರುವಾಗುತ್ತದೆ. ತೀರ್ಪು ಬರುವ ಹೊತ್ತಿಗೆ ಶನಿವಾರ ಕಳೆದಿರುತ್ತದೆ. ಟೆಸ್ಟು ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದು ಸುಮ್ಮನಾದರು.

ಗುರುವಾರ ಸಂಜೆ ಎರಡನೆಯ ಕೊಟೇಶನ್. ಬೀದಿಯ ಕೊನೆಯಲ್ಲಿ ಎಲ್ಲರೂ ಗ್ರೀಸ್ ಮಾಮ ಎಂದು ಕರೆಯುವ ಮೆಕ್ಯಾನಿಕ್‌ನ ಗ್ಯಾರೇಜು. ಮಾಮ ಕಡ್ಡಿ ಎಳೆದ, ಒರೆಸಿದ, ಮತ್ತೆ ಅದ್ದಿ ಎತ್ತಿ ಹಿಡಿದ.

"ಸಾರ್, ಆಯಿಲ್ ಜೇನುತುಪ್ಪ ಇದ್ದಂಗಿದೆ. ಏನೂ ಬೇಡ, ಆರಾಮಾಗಿ ಹೋಗಿ."

"ಏನೂ ಬೇಡವಾ?"

"ಬೇಡ ಸಾರ್."

ಸಾಹೇಬರ ರಕ್ತ ಕುದಿಯಿತು. ಕೆಲಸ ಬೇಡ ಎನ್ನುವ ಮೆಕ್ಯಾನಿಕ್ಕೇ? ಹಾಲು ಬೇಡ ಎನ್ನುವ ಬೆಕ್ಕುಂಟೇ? ಸೋಮವಾರ ಡಾಂಬರಾಗಿದ್ದದ್ದು ಗುರುವಾರ ಜೇನುತುಪ್ಪ ಆಗುವುದು ಯಾವ ಲೋಕದ ನ್ಯಾಯ? ಒಬ್ಬ ಸುಳ್ಳುಗಾರ, ಇಲ್ಲವೇ ಇಬ್ಬರೂ!

"ನೋಡೇ," ಎಂದು ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿಗೆ ಬಿಡಿಸಿ ಹೇಳಿದರು, "ಅವನ ಹುನ್ನಾರ ನನಗೆ ಗೊತ್ತಾಗಲ್ವಾ? ಆಯಿಲ್ ಚೆನ್ನಾಗಿದೆ ಅಂತಾನೆ. ನಾನು ನಂಬಿ ಓಡಿಸ್ತೀನಿ. ಎಂಜಿನ್ ಸುಟ್ಟು ಹೋಗುತ್ತೆ. ಆಗ ಇಡೀ ಎಂಜಿನ್ನೇ ಬಿಚ್ಚೋ ಕೆಲಸ ಅವನಿಗೆ! ಕಳ್ಳರ ಸಂತೆ!"

ಹೆಂಡತಿಗೆ ಅನ್ನ ನೆತ್ತಿಗೇರಿತು. ನೀರು ಕುಡಿದು ಸುಧಾರಿಸಿಕೊಂಡು, "ಹೋಗಲಿ ಬಿಡಿ, ಶನಿವಾರದವರೆಗೂ ಕಾರು ಮುಟ್ಟಬೇಡಿ, ನಿಮ್ಮ ದಮ್ಮಯ್ಯ" ಎಂದರು.

"ಮುಟ್ಟಬೇಡಿ ಅಂದ್ರೆ? ನಿನ್ನ ಟೆಸ್ಟಿಗಾಗೇ ಇಷ್ಟೆಲ್ಲ ಒದ್ದಾಡ್ತಿರೋದು! ನಾಳೆ ರಜೆ ಹಾಕಿ ನಾನೇ ಬದಲಾಯಿಸ್ತೀನಿ!"

"ನೀವಾ?"

"ನಾನೇ!"

ಆಕೆ ನಕ್ಕುಬಿಟ್ಟರು. ಮನೆಯ ಬಲ್ಬು ಬದಲಾಯಿಸಲೂ ಮೂರು ಜನರನ್ನು ವಿಚಾರಿಸುವ ಮನುಷ್ಯ ಕಾರಿನಡಿ ನುಗ್ಗುತ್ತಾರೆಂದು ಯಾರು ತಾನೇ ನಂಬುತ್ತಾರೆ? ಅದೇ ಆಕೆ ಮಾಡಿದ ತಪ್ಪು.

ಶುಕ್ರವಾರ ಆಕೆ ಆಸ್ಪತ್ರೆಗೆ ಹೊರಟ ಕೂಡಲೇ ಸಾಹೇಬರು ಹಳೆಯ ಪೈಜಾಮ ತೊಟ್ಟು, ಅಡುಗೆಮನೆಯ ಅಗಲವಾದ ಬೇಸಿನ್ ಹಿಡಿದು ರಣರಂಗಕ್ಕಿಳಿದರು. ಮೂರನೆಯ ಕೊಟೇಶನ್ ಸ್ಪೇರ್ ಪಾರ್ಟ್ಸ್ ಅಂಗಡಿಯವನಿಂದ ಸಂಜೆಗೆ ಬರಬೇಕಿತ್ತು. ಯಾವ ಆಯಿಲ್ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ, ಮನೆಯಲ್ಲಿ ಒಂದು ತೊಟ್ಟು ಹೊಸ ಆಯಿಲೂ ಇರಲಿಲ್ಲ. ಆದರೇನು? ಹೊಸದು ಬರುವ ಮೊದಲು ಹಳೆಯದರ ವಿಲೇವಾರಿ ಆಗಬೇಕೆಂಬುದು ನಿಯಮ. ನಿಯಮ ಎಂದರೆ ನಿಯಮ!

ಸಾಕ್ಷಿಗೆ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರರನ್ನು ಕರೆದರು. ಅವರು ಪೇಪರು ಮಡಚಿ ಕಂಕುಳಲ್ಲಿಟ್ಟುಕೊಂಡು ಬಂದು ಗೋಡೆಗೊರಗಿ ನಿಂತರು.

ಸಾಹೇಬರು ಕಾರಿನಡಿ ತೆವಳಿದರು. ಮೊದಲು ತಲೆ ಹೋಯಿತು, ಹೊಟ್ಟೆ ಸಿಕ್ಕಿಕೊಂಡಿತು, ಉಸಿರು ಬಿಗಿಹಿಡಿದ ಮೇಲೆ ಅದೂ ಹೋಯಿತು. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ಇನ್ನೊಂದು ಸಲ ಶಕ್ತಿಯೆಲ್ಲ ಹಾಕಿ ಎಳೆದಾಗ ಸಡಿಲವಾಯಿತು. ಸಡಿಲವಾದದ್ದೇ ತಡ, ಆಯಿಲ್ ದಬದಬ ಸುರಿದು ಕೈ ಮೇಲಿಂದ ಹರಿದು ಕಂಕುಳು ಸೇರಿತು.

"ಆಯಿಲ್ ಚೆನ್ನಾಗೇ ಇದೆಯಲ್ಲ ಸಾಹೇಬರೇ! ಒಳ್ಳೆ ಬಂಗಾರದ ಬಣ್ಣ!" ಎಂದರು ಪೋಸ್ಟ್‌ಮಾಸ್ಟರು ಬಗ್ಗಿ ನೋಡಿ.

"ಬೆಳ್ಳಗಿರೋದೆಲ್ಲ ಹಾಲಲ್ಲ ಸ್ವಾಮಿ!" ಎಂದು ಕಾರಿನಡಿಯಿಂದಲೇ ಉತ್ತರ ಬಂತು. "ಇದೇ ಇವರ ಮೋಸ. ಬಣ್ಣ ಹಾಕಿರ್ತಾರೆ!"

ಹೊರಬಂದವರು ಹೂಕುಂಡದ ಪಕ್ಕದಲ್ಲಿದ್ದ ಮರಳನ್ನು ಒಂದು ಬಕೆಟ್ ತುಂಬ ತಂದು, "ನೋಡಿ, ನಿಮ್ಮ ಎದುರೇ ಹಾಳು ಮಾಡ್ತಾ ಇದೀನಿ. ಇನ್ನು ಇದನ್ನ ಬ್ರಹ್ಮ ಬಂದ್ರೂ ವಾಪಸು ಹಾಕೋಕಾಗಲ್ಲ!" ಎಂದು ಬೇಸಿನ್ನಿಗೆ ಸುರಿದು ಕೋಲಿನಿಂದ ಕಲಕಿದರು. ಅದೇ ಹೊತ್ತಿಗೆ ಗೇಟು ಕಿರುಗುಟ್ಟಿತು. ಬೆಳಗಿನ ಪಾಳಿ ಮುಗಿಸಿ ಹೆಂಡತಿ ಬಂದಿದ್ದರು.

"ಏನ್ರೀ ಅದು?"

"ವಿಲೇವಾರಿ!" ಎಂದರು ಸಾಹೇಬರು, ಗೆದ್ದು ಬಂದ ಸೇನಾಪತಿಯ ಗತ್ತಿನಲ್ಲಿ.

"ಅಯ್ಯೋ ನನ್ನ ಕರ್ಮವೇ! ಬುಧವಾರ ತಾನೇ ಹಾಕಿಸಿದ ಹೊಸ ಆಯಿಲ್ ಕಣ್ರೀ ಅದು!"

ಪೋಸ್ಟ್‌ಮಾಸ್ಟರು ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡಿ, "ನಾನು ಬರೀ ಸಾಕ್ಷಿಯಪ್ಪ" ಎಂದು ಮೆಲ್ಲಗೆ ಜಾಗ ಖಾಲಿ ಮಾಡಿದರು.

"ಯಾರನ್ನ ಕೇಳಿ ಹಾಕಿಸಿದೆ?" ಎಂದು ಸಾಹೇಬರು ಗುಡುಗಿದರು. ತಪ್ಪು ತಮ್ಮದೆಂದು ಗೊತ್ತಾದಾಗ ಅವರ ದನಿ ಇನ್ನೂ ಏರುತ್ತದೆ.

"ಕೆಂಪು ದೀಪ ಹತ್ತಿತು, ಹಾಕಿಸಿದೆ."

"ಎಲ್ಲಿ?"

"ದೀಪ ಹತ್ತಿದ ಜಾಗದಲ್ಲಿ."

"ಯಾವ ಆಯಿಲ್?"

"ಕಾರಿಗೆ ಹಾಕೋ ಆಯಿಲ್!"

"ನನಗೆ ಒಂದು ಮಾತು ಹೇಳೋಕೇನಾಗಿತ್ತು?"

"ಹೇಳೋಕೆ ಬಂದ್ರೆ ಬಾಯಿ ಮುಚ್ಚಿಸಿದ್ರಲ್ಲ! ಆಮೇಲೆ ನಾನೂ ಸುಮ್ಮನಾದೆ, ಅದು ನನ್ನ ತಪ್ಪು. ನೀವು ಹೀಗೆ ಕಾರಿನ ಹೊಟ್ಟೆ ಬಗೀತೀರಿ ಅಂತ ಕನಸು ಬಿದ್ದಿತ್ತಾ ನನಗೆ?"

ಸಾಹೇಬರು ತಡಬಡಿಸಿ ಮತ್ತೆ ಕಾರಿನಡಿ ನುಗ್ಗಿದರು. ಬೋಲ್ಟು ಹಾಕಿಬಿಡೋಣ, ಕಣ್ಣಿಗೆ ಬಿದ್ದ ಆಯಿಲ್ ತಂದು ಸುರಿಯೋಣ, ಕೊಟೇಶನ್ ಮನೆ ಹಾಳಾಗಲಿ! ಗಾಬರಿಯಲ್ಲಿ ಬೋಲ್ಟನ್ನು ಓರೆಯಾಗಿ ಕೂರಿಸಿ ಬಲ ಹಾಕಿ ತಿರುಗಿಸಿದರು. ಕರಕ್ ಎಂದಿತು. ಥ್ರೆಡ್ಡು ಕಿತ್ತುಹೋಗಿ ಬೋಲ್ಟು ಬಿಗಿಯಾಗದೆ ಗರಗರ ತಿರುಗತೊಡಗಿತು. ಗ್ರೀಸ್ ಮಾಮನಿಗೆ ಫೋನ್ ಮಾಡಿದರೆ, "ಅದಕ್ಕೆ ಆಯಿಲ್ ನಿಲ್ಲೋ ಕೆಳಗಿನ ತಟ್ಟೇನೇ ಬದಲಾಯಿಸ್ಬೇಕು ಸಾರ್. ಮಾಲು ನಾಳೆ ಮಧ್ಯಾಹ್ನ ಬರುತ್ತೆ" ಎಂದ. ಟೆಸ್ಟು ಬೆಳಗ್ಗೆ!

ಹೆಂಡತಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಬೈದಿದ್ದರೆ ಸಾಹೇಬರಿಗೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ಬೈಯಲಿಲ್ಲ.

"ಮದುವೆಯಾದಾಗಿಂದ ಒಂದೋ ಬಸ್ಸಿಗೆ ಕಾದಿದೀನಿ, ಇಲ್ಲಾ ನಿಮಗೆ ಕಾದಿದೀನಿ" ಎಂದರು ದನಿ ಏರಿಸದೆ. "ಒಂದು ಸಲ, ಒಂದೇ ಒಂದು ಸಲ ಯಾರಿಗೂ ಕಾಯದೆ ಕೆಲಸಕ್ಕೆ ಹೋಗಬೇಕು ಅಂತ ಆಸೆ ಇತ್ತು."

ಸಾಹೇಬರಿಗೆ ಇಷ್ಟು ದಿನ ಲೋಕದ ಮೇಲಿದ್ದ ಸಿಟ್ಟೆಲ್ಲ ಮೊದಲ ಬಾರಿಗೆ ತಮ್ಮ ಮೇಲೇ ತಿರುಗಿತು. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದವರು ಕೈಯ ಆಯಿಲನ್ನು ಪೈಜಾಮಕ್ಕೆ ಒರೆಸಿಕೊಂಡರು. ಆಕೆ ಕಣ್ಣೊರೆಸಿಕೊಂಡು ಎದ್ದು, ಹಾಸಿಗೆ ಅಂಗಡಿ ಇಟ್ಟಿದ್ದ ತಮ್ಮನಿಗೆ ಫೋನ್ ಮಾಡಿದರು.

"ಅಕ್ಕಾ, ನನ್ನ ಹತ್ರ ಇರೋದು ಹಾಸಿಗೆ ಸಾಗಿಸೋ ವ್ಯಾನು!" ಎಂದ ತಮ್ಮ ಗಾಬರಿಯಿಂದ.

"ಅದಕ್ಕೆ ಸ್ಟೀರಿಂಗು, ಬ್ರೇಕು ಇದೆಯಲ್ಲ? ಒಳಗೆ ಆಯಿಲ್ ಇದೆಯಲ್ಲ?"

"ಇದೆ ಅಕ್ಕಾ."

"ತಗೊಂಡು ಬಾ. ಸಂಜೆಯೆಲ್ಲ ಓಡಿಸಿ ಕೈ ಪಳಗಿಸ್ಕೋತೀನಿ."

ಶನಿವಾರ ಬೆಳಗ್ಗೆ ವ್ಯಾನಿನ ಮುಂದಿನ ಎರಡು ಸೀಟಿನಲ್ಲಿ ಅಕ್ಕ, ತಮ್ಮ. ಭಾವನವರಿಗೆ ಜಾಗ ಹಿಂದೆ, ಅಂಗಡಿಯ ಹಾಸಿಗೆಯ ಜೊತೆ! ಕಿಟಕಿಯಿಲ್ಲ, ಬೆಳಕಿಲ್ಲ, ಬಾಗಿಲಿಗೆ ಚಿಲಕ ಹೊರಗಡೆ ಮಾತ್ರ. ಕಾರ್ಖಾನೆಯ ಸೂಪರಿಂಟೆಂಡೆಂಟರನ್ನು ಸರಕಿನ ಹಾಗೆ ತುಂಬುವುದೇ ಎಂಬ ಮಾತು ನಾಲಗೆ ತುದಿಗೆ ಬಂತು. ಹಿಂದಿನ ದಿನದ ಮೆಟ್ಟಿಲು ಕಣ್ಣಿಗೆ ಬಂದು ಸುಮ್ಮನೆ ಹತ್ತಿ ಕುಳಿತರು.

ಟೆಸ್ಟಿನ ಮೈದಾನದಲ್ಲಿ ಸರದಿಯ ಚೀಟಿ ತರಲು ತಮ್ಮ ಇಳಿದು ಓಡಿದ. ಅವನು ಬಂದು ಭಾವನ ಬಾಗಿಲು ತೆಗೆಯುವ ಮೊದಲೇ ಇನ್‌ಸ್ಪೆಕ್ಟರು ಮುಂದಿನ ಸೀಟು ಹತ್ತಿ, "ನಡೀರಿ ಮೇಡಂ" ಎಂದುಬಿಟ್ಟರು. ವ್ಯಾನು ಹೊರಟೇಬಿಟ್ಟಿತು, ಸಾಹೇಬರ ಸಮೇತ!

ತಗಡಿನ ಗೋಡೆಯಾಚೆ ಹೆಂಡತಿಯ ಪರೀಕ್ಷೆ, ಈಚೆ ಕತ್ತಲಲ್ಲಿ ಗಂಡನ ಅಗ್ನಿಪರೀಕ್ಷೆ. ತಿರುವು ಬಂದಾಗ, 'ಇಂಡಿಕೇಟರು! ಇಂಡಿಕೇಟರು!' ಎಂದು ಕೂಗು ಗಂಟಲಿಗೆ ಬಂತು. ಕೂಗಿದರೆ ಕೆಲಸ ಕೆಟ್ಟಿತು. ಗೋಡೆ ತಟ್ಟಿದರೆ ಇನ್‌ಸ್ಪೆಕ್ಟರು ಗಾಡಿ ನಿಲ್ಲಿಸಿ ಇಳಿದೇ ಹೋಗುತ್ತಾರೆ. ಸಾಹೇಬರು ಹಾಸಿಗೆಯ ಮೂಲೆಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದರು. ಮೇಲ್ವಿಚಾರಣೆ ಮಾಡದೆ ಒಂದು ಕೆಲಸ ನಡೆಯಲು ಅವರು ಬಿಟ್ಟದ್ದು ಅದೇ ಮೊದಲು.

ದಿಬ್ಬ ಬಂತು. ಅರ್ಧ ಏರಿದ ಮೇಲೆ ನಿಲ್ಲಿಸಿ ಮತ್ತೆ ಹೊರಡಬೇಕು. ವ್ಯಾನು ನಿಂತು ಹೊರಟ ಕ್ಷಣದಲ್ಲಿ ಹಾಸಿಗೆ ಜಾರಿತು, ಹಾಸಿಗೆಯ ಮೇಲಿದ್ದ ಸಾಹೇಬರೂ ಜಾರಿದರು, ಇಬ್ಬರೂ ಹೋಗಿ ಹಿಂಬಾಗಿಲಿಗೆ ಧಡಾರನೆ ಬಡಿದರು.

"ಏನದು ಹಿಂದೆ ಶಬ್ದ?" ಎಂದರು ಇನ್‌ಸ್ಪೆಕ್ಟರು.

"ಹಳೇ ಹಾಸಿಗೆ ಸಾರ್. ಒಂದು ಕಡೆ ಸುಮ್ಮನೆ ಇರೋದಿಲ್ಲ" ಎಂದರು ಹೆಂಡತಿ.

ಸಾಹೇಬರು ಹಣೆಯ ಬುಗುಟು ಸವರಿಕೊಂಡರು. ಸಿಟ್ಟು ಬರಬೇಕಿತ್ತು, ಬಂದದ್ದು ನಗು. ದಿಬ್ಬ ಇಳಿದು, ತಿರುಗಿ, ಹಿಮ್ಮುಖವಾಗಿ ಸರಿದು ವ್ಯಾನು ಮೆತ್ತಗೆ ನಿಂತಾಗ ಅವರಿಗೆ ಎದೆ ತುಂಬಿ ಬಂತು. ಎಷ್ಟು ಚೆನ್ನಾಗಿ ಓಡಿಸುತ್ತಾಳಲ್ಲ ಎನ್ನಿಸಿತು.

"ಪಾಸ್ ಮೇಡಂ. ಚೀಟಿ ಇಲ್ಲೇ ತಗೊಳ್ಳಿ" ಎಂಬ ದನಿ ಕೇಳಿತು. ಚಿಲಕ ತೆಗೆದ ತಮ್ಮ, "ಭಾವ! ಅಕ್ಕ ಇಳಿಸಿರ್ತಾಳೆ ಅಂದ್ಕೊಂಡಿದ್ದೆ, ನೀವು ಒಳಗೇ ಇದ್ರಾ!" ಎಂದು ಬೆಚ್ಚಿಬಿದ್ದ. ಸಾಹೇಬರು ಬಾಯಿಂದ ಹಾಸಿಗೆಯ ಹತ್ತಿ ತೆಗೆದು, ಹೆಂಡತಿಯ ಎದುರು ನಿಂತು, "ನನ್ನಿಂದ ತಪ್ಪಾಯ್ತು ಕಣೆ" ಎಂದರು. ಆಕೆ ಚೀಟಿಯಿಂದಲೇ ಅವರ ತಲೆಗೊಂದು ಮೊಟಕಿ ನಕ್ಕರು.

ಇನ್ನು ಸೋಮವಾರದೊಳಗೆ ಕಾರು ಎದ್ದು ನಿಲ್ಲಬೇಕಲ್ಲ! ವ್ಯಾನಿನ ಹಿಂದೆ ದಪ್ಪ ಹಗ್ಗ ಬಿಗಿದು ಅದಕ್ಕೆ ಕಾರನ್ನು ಕಟ್ಟಿದರು. ವ್ಯಾನಿನಲ್ಲಿ ಹೊಸ ಲೈಸೆನ್ಸಿನ ಹೆಂಡತಿ, ಪಕ್ಕದಲ್ಲಿ ತಮ್ಮ. ಹಿಂದೆ ಸದ್ದಿಲ್ಲದ ಕಾರಿನಲ್ಲಿ ಸ್ಟೀರಿಂಗ್ ಹಿಡಿದು ಒಬ್ಬರೇ ಸಾಹೇಬರು. ಗೇಟು ದಾಟುವಾಗ, "ಗ್ರೀಸ್ ಮಾಮನ ಹತ್ರಾನಾ? ಬೇರೆ ಕಡೆನೂ ಒಂದು ಮಾತು ಕೇಳಬಹುದಿತ್ತು..." ಎಂದು ಕಿಟಕಿಯಿಂದ ಕೂಗಿದರು. ವ್ಯಾನು ಸೀದಾ ಬೀದಿಯ ಕೊನೆಗೆ ಹೋಗಿ, ಗ್ರೀಸ್ ಮಾಮನ ಗ್ಯಾರೇಜನ್ನೂ ದಾಟಿ, ಬುಧವಾರ ಕೆಂಪು ದೀಪ ಹತ್ತಿದ್ದ ದೊಡ್ಡ ರಸ್ತೆಗೆ ಇಳಿಯಿತು. ಸಾಹೇಬರಿಗೆ ತಡೆಯಲಾಗಲಿಲ್ಲ. ಹಾರ್ನ್ ಒತ್ತಿದರು.

ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸು ಕಾರಿನ ಹತ್ತಿರ ಬಂದು ಗಾಜು ತಟ್ಟಿದ. "ಏನ್ ಸಾರ್, ಹಾರ್ನು? ಎಲ್ಲಿಗೆ ಹೋಗ್ತಿದೀರಾ?"

"ಆಯಿಲ್ ಹಾಕಿಸೋಕೆ."

"ಯಾವ ಗ್ಯಾರೇಜು?"

"ನನಗೆ ಗೊತ್ತಿಲ್ಲ."

"ಗೊತ್ತಿಲ್ವಾ? ಮತ್ತೆ ಯಾರಿಗೆ ಗೊತ್ತು?"

ಸಾಹೇಬರು ಮುಂದಿನ ವ್ಯಾನಿನ ಕಡೆ ಗದ್ದ ಎತ್ತಿ ತೋರಿಸಿದರು. "ಓಡಿಸ್ತಾ ಇದಾರಲ್ಲ, ಅವರಿಗೆ."

"ಯಾರು ಅವರು?"

"ನನ್ನ ಹೆಂಡತಿ."

ಪೊಲೀಸು ಹಗ್ಗವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಮುಖದ ಗತ್ತೆಲ್ಲ ಇಳಿದು ಒಂದು ಥರ ಮರುಕ ಮೂಡಿತು. ಟೋಪಿ ಸರಿಮಾಡಿಕೊಂಡು, ಬೇರೆ ಗಾಡಿಗಳನ್ನೆಲ್ಲ ತಡೆದು ದಾರಿ ಬಿಡಿಸಿದ.

"ಹೋಗಿ ಸಾರ್, ಹೋಗಿ. ನಮ್ಮನೇಲೂ ಹಿಂಗೇ. ಹಗ್ಗ ಒಂದು ಕಾಣಲ್ಲ, ಅಷ್ಟೇ!"